ಬೆಣ್ಣೆ ದೋಸೆಗೆ ಬ್ರೂಟ್, ಮಿರ್ಚಿಗೆ ಸಿಹಿ: ದಾವಣಗೆರೆಯಲ್ಲಿ ನನ್ನ ಅನುಭವ

ಕಳೆದ ಡಿಸೆಂಬರಿನಲ್ಲಿ ನಮ್ಮ ಮದುವೆಯಾಗಿ 25 ವರ್ಷ ಆಯಿತು ಅಂತ ಮನೆಯ ತಾರಸಿ ಮೇಲೆ 14 ಜನ ಸೇರಿದ್ದೆವು. ಕಾವಲಿ ಮೇಲೆ ಬೆಣ್ಣೆ ದೋಸೆ, ಪಕ್ಕದ ಬಾಣಲೆಯಲ್ಲಿ ಮಿರ್ಚಿ, ದೊಡ್ಡ ಬೋಗುಣಿಯಲ್ಲಿ ಖಾರ ಮಂಡಕ್ಕಿ. ಕುಡಿಯೋಕೆ ಆರು ಬಾಟಲಿ ಸ್ಪಾರ್ಕ್ಲಿಂಗ್ ವೈನ್, ಅಂದರೆ ಗುಳ್ಳೆ ಏಳುವ ವೈನ್. ರಾತ್ರಿ ಹತ್ತೂವರೆಗೆ ಆರೂ ಖಾಲಿ. "ಒಂದು ಬಾಟಲಿ ವಿಸ್ಕಿ ಇಟ್ಟಿರಪಾ, ಆಮೇಲೆ ಬೇಕಾಗುತ್ತೆ" ಅಂತ ಹಿಂದಿನ ದಿನ ಫೋನ್ ಮಾಡಿದ್ದ ಗೆಳೆಯ, ಹೋಗುವಾಗ ಲೇಬಲ್ಲಿನ ಫೋಟೋ ತೆಗೆದುಕೊಂಡ. "ದೋಸೆ ಜೊತೆ ಶಾಂಪೇನ್ ಯಾರು ಕುಡಿತಾರೆ" ಅಂತ ಆರೇಳು ವರ್ಷದಿಂದ ಹೇಳುತ್ತಾ ಬಂದವನೂ ಅವನೇ.

ಬ್ರೂಟ್ ಅಂದರೆ ಸಿಹಿ ತೀರಾ ಕಡಿಮೆ ಇರೋ ಸ್ಪಾರ್ಕ್ಲಿಂಗ್ ವೈನ್, ಪ್ರೊಸೆಕ್ಕೊ ಇಟಲಿಯದು, ಕಾವಾ ಸ್ಪೇನಿನದು. ಇದಕ್ಕಿಂತ ಜಾಸ್ತಿ ಪಾಠ ಹೇಳುವುದಿಲ್ಲ. ನನ್ನ ದುಡ್ಡು ಎಲ್ಲೆಲ್ಲಿ ಹೋಯಿತು, ಆಮೇಲೆ ಏನು ಹೊಂದಿಕೊಂಡಿತು, ಅಷ್ಟೇ ಹೇಳುತ್ತೇನೆ.

ಮೊದಲ ಪೆಟ್ಟು 2018ರ ಮೇ ತಿಂಗಳಲ್ಲಿ. ಬೆಂಗಳೂರಿನಿಂದ ಮೂರು ಬಾಟಲಿ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹೊರಟೆ. ಸುಮಾರು 260 ಕಿಲೋಮೀಟರ್ ದಾರಿ. ಚಿತ್ರದುರ್ಗದ ಹತ್ತಿರ ಊಟಕ್ಕೆ ನಿಲ್ಲಿಸಿದೆವು, ಕಾರು ಒಂದೂವರೆ ಗಂಟೆ ಬಿಸಿಲಲ್ಲೇ ನಿಂತಿತ್ತು. ಮನೆಗೆ ಬಂದು ಮುಟ್ಟಿದರೆ ಬಾಟಲಿ ಬಿಸಿನೀರಿನ ಚೆಂಬಿನ ಹಾಗಿತ್ತು. ಆತುರಕ್ಕೆ ಬಿದ್ದು ಅರೆಬರೆ ತಣ್ಣಗೆ ಮಾಡಿ ಒಂದನ್ನು ತೆಗೆದೆ. ಅರ್ಧ ನೊರೆಯಾಗಿ ನೆಲಕ್ಕೆ ಹೋಯಿತು. ಉಳಿದಿದ್ದಕ್ಕೆ ಬೇಯಿಸಿದ ಸೇಬಿನ ರುಚಿ. ಇನ್ನೆರಡೂ ಹಾಗೇ. ನಾಲ್ಕು ಸಾವಿರದ ಹತ್ತಿರ ಹೋಯಿತು ಅಂತ ನೆನಪು. ಬಾಟಲಿ ಒಳಗೆ ಕಾರಿನ ಟೈರಿಗಿಂತ ಎರಡು ಪಟ್ಟಿಗೂ ಜಾಸ್ತಿ ಒತ್ತಡ ಇರುತ್ತೆ. ಬಿಸಿಯಾದಷ್ಟೂ ಗ್ಯಾಸು ವೈನಿನಲ್ಲಿ ನಿಲ್ಲೋದಿಲ್ಲ. ಈಗ ನವೆಂಬರಿನಿಂದ ಜನವರಿಯ ಒಳಗೆ ಇಡೀ ವರ್ಷದ ಖರೀದಿ ಮುಗಿಸುತ್ತೇನೆ. ಬೆಳಗಿನ ಜಾವ ಹೊರಡೋದು, ಥರ್ಮೋಕೋಲ್ ಪೆಟ್ಟಿಗೆ, ಅದೂ ಸೀಟಿನ ಕೆಳಗೆ. ಅಲ್ಲಿಂದ ಈಚೆಗೆ ದಾರಿಯಲ್ಲಿ ಒಂದು ಬಾಟಲಿಯೂ ಕೆಟ್ಟಿಲ್ಲ.

ಎರಡನೆಯದು ಫ್ರೀಜರ್. ಬೇಗ ತಣ್ಣಗಾಗಲಿ ಅಂತ ಇಟ್ಟೆ, ನೆಂಟರು ಬಂದರು, ಮರೆತೆ. ರಾತ್ರಿ ಬಾಟಲಿ ಸಿಡಿದ ಸದ್ದಾದಾಗಲೇ ನೆನಪಾಗಿದ್ದು. ರಿಪೇರಿಗೆ ಎರಡು ಸಾವಿರದ ಚಿಲ್ಲರೆ. ಫ್ರೀಜರಿನ ಕಡೆ ಮತ್ತೆ ಹೋಗಿಲ್ಲ. ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಎರಡು ಹಿಡಿ ಕಲ್ಲುಪ್ಪು. ಬಾಟಲಿಯ ಕತ್ತಿನವರೆಗೂ ಮುಳುಗಬೇಕು. ಮೊದಲೇ ಫ್ರಿಜ್ಜಿನಲ್ಲಿದ್ದ ಬಾಟಲಿಗೆ ಹದಿನೈದು ನಿಮಿಷ ಸಾಕು. ಬರೀ ಐಸು ತುಂಬಿದರೆ ಆಗಲ್ಲ, ನೀರು ಇದ್ದರೇ ತಣ್ಣನೆ ಎಲ್ಲ ಕಡೆ ತಾಗೋದು.

ಈಗ ಮುಖ್ಯ ವಿಷಯ. ನನ್ನನ್ನು ಜಾಸ್ತಿ ಸತಾಯಿಸಿದ್ದು ಮಿರ್ಚಿ. ಒಳ್ಳೆಯ ವೈನ್ ಅಂದರೆ ಸಿಹಿ ಇರಬಾರದು ಅನ್ನೋ ಮಾತನ್ನು ನಾನೂ ನಂಬಿದ್ದೆ. ಅದಕ್ಕೇ ಸಕ್ಕರೆ ಸೇರಿಸದ ಬ್ರೂಟ್ ನೇಚರ್ ತಂದು, ಬಿಸಿ ಮಿರ್ಚಿ ಜೊತೆ ಎಲ್ಲರಿಗೂ ಕೊಟ್ಟೆ. ಬಾಯಿಗೆ ಬೆಂಕಿ ಇಟ್ಟ ಹಾಗಾಯಿತು. ನಮ್ಮ ದೊಡ್ಡಪ್ಪನವರು ಲೋಟ ಪಕ್ಕಕ್ಕಿಟ್ಟು ಮಜ್ಜಿಗೆ ಕೇಳಿದರು. ಮಿರ್ಚಿಯ ಖಾರವನ್ನು ಆಲ್ಕೋಹಾಲ್ ಇನ್ನಷ್ಟು ಏರಿಸುತ್ತೆ, ಗುಳ್ಳೆಗಳು ಚುಚ್ಚುತ್ತವೆ, ತಣಿಸೋಕೆ ಸಕ್ಕರೆ ಇಲ್ಲ. ಇಷ್ಟು ಅರ್ಥವಾಗೋಕೆ ನನಗೆ ಎರಡು ವರ್ಷ, ಏಳೆಂಟು ಬಾಟಲಿ ಬೇಕಾಯಿತು.

ಲೇಬಲ್ಲಿನಲ್ಲಿ ನೋಡಬೇಕಾದ ಲೆಕ್ಕ ಇದು. ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂ ಒಳಗೆ ಸಕ್ಕರೆ. ಎಕ್ಸ್‌ಟ್ರಾ ಡ್ರೈ ಅಂದರೆ 12ರಿಂದ 17. ಡೆಮಿ ಸೆಕ್ 32ರಿಂದ 50. ವೈನಿನಲ್ಲಿ ಡ್ರೈ ಅಂದರೆ ಸಿಹಿ ಇಲ್ಲದ್ದು, ಆದರೆ ಹೆಸರಲ್ಲಿ ಎಕ್ಸ್‌ಟ್ರಾ ಡ್ರೈ ಅಂತಿದ್ದರೂ ಅದು ಬ್ರೂಟ್‌ಗಿಂತ ಸಿಹಿ! ಒಂದು ಅಂಗಡಿಯಲ್ಲಿ ನನಗೆ ಇದನ್ನು ಉಲ್ಟಾ ಹೇಳಿ ಕೊಟ್ಟರು. ಆ ತಪ್ಪು ಬಾಟಲಿಯೇ ನನಗೆ ದಾರಿ ತೋರಿಸಿತು. ಅದು ಎಕ್ಸ್‌ಟ್ರಾ ಡ್ರೈ ಪ್ರೊಸೆಕ್ಕೊ. ಖಾರ ಮಂಡಕ್ಕಿಗೆ ಅಷ್ಟು ಚೆನ್ನಾಗಿ ಹೊಂದಿತು ಅಂದರೆ, ನಮ್ಮ ಮನೆಯವರು ಮೊದಲ ಸಲ ಎರಡನೇ ಲೋಟ ಕೇಳಿದರು. ಮಿರ್ಚಿಗೆ ಅದೂ ಸಾಲದು. ಅದಕ್ಕೆ ಇಟಲಿಯ ಮೊಸ್ಕಾಟೊ ದಾಸ್ತಿ. ಸಿಹಿ ಜಾಸ್ತಿ, ಆಲ್ಕೋಹಾಲ್ ಬರೀ 5ರಿಂದ 6 ಪರ್ಸೆಂಟು, ಗುಳ್ಳೆಯೂ ಮೆತ್ತಗೆ. ಖಾರ ಬಾಯಲ್ಲಿ ಇರುತ್ತೆ, ಆದರೆ ಉರಿಯಲ್ಲ. ನಾನು ಕೊಂಡಾಗ ಎರಡು ಸಾವಿರದ ಆಸುಪಾಸು ಇತ್ತು. ಹೆಣ್ಣುಮಕ್ಕಳ ವೈನು ಅಂತ ಗೆಳೆಯರು ಮೂಗು ಮುರಿದಿದ್ದರು. ಈಗ ಅವರೇ ಮೊದಲು ಅದನ್ನು ಹುಡುಕುತ್ತಾರೆ.

ಬೆಣ್ಣೆ ದೋಸೆಯ ಲೆಕ್ಕ ಬೇರೆ. ಅದಕ್ಕೆ ಬ್ರೂಟೇ ಬೇಕು, ಅದೂ ಗುಳ್ಳೆ ಹುಟ್ಟೋಕೆ ಬಾಟಲಿಯೊಳಗೇ ಎರಡನೇ ಸಲ ಹುದುಗಿದ್ದು. ವೈನಿನ ಹುಳಿ ಬೆಣ್ಣೆಯ ಜಿಡ್ಡನ್ನು ಬಾಯಿಂದ ತೊಳೆದುಬಿಡುತ್ತೆ, ಮುಂದಿನ ತುತ್ತು ಮತ್ತೆ ಮೊದಲ ತುತ್ತಿನ ಹಾಗೇ ಇರುತ್ತೆ. ಇನ್ನೊಂದು ವಿಷಯ ಇದೆ. ಈ ವೈನು ತಿಂಗಳುಗಟ್ಟಲೆ ಯೀಸ್ಟಿನ ಜೊತೆ ಮಲಗಿರುತ್ತೆ, ಅದಕ್ಕೇ ಸುಟ್ಟ ಬ್ರೆಡ್ಡಿನ ವಾಸನೆ ಬರೋದು. ದೋಸೆಯೂ ರಾತ್ರಿಯೆಲ್ಲ ಹುದುಗಿದ ಹಿಟ್ಟು, ಕಾವಲಿ ಮೇಲೆ ಕೆಂಪಗಾಗಿದ್ದು. ಎರಡೂ ಒಂದೇ ಜಾತಿಯ ರುಚಿ ಅಲ್ವಾ? ತೊಟ್ಟಿಯಲ್ಲಿ ಹುದುಗಿಸೋ ಪ್ರೊಸೆಕ್ಕೊ ಹಣ್ಣಿನ ಪರಿಮಳಕ್ಕೆ ಚೆಂದ, ದೋಸೆ ಮುಂದೆ ತೆಳ್ಳಗಾಗುತ್ತೆ. ನಾನು ಹೆಚ್ಚಾಗಿ ತರೋದು ನಾಸಿಕದ ಸುಲಾ ಬ್ರೂಟ್, ಇಲ್ಲದಿದ್ದರೆ ಸ್ಪೇನಿನ ಕಾವಾ. ಚಟ್ನಿಯಲ್ಲಿ ಒಂದು ಸಣ್ಣ ಬದಲಾವಣೆ ಮಾಡುತ್ತೇವೆ, ಅದಿಲ್ಲದೆ ವೈನು ಕಹಿ ಅನ್ನಿಸುತ್ತೆ. ಹಸಿಮೆಣಸಿನಕಾಯಿ ಕಡಿಮೆ ಮಾಡೋದು ಅದರಲ್ಲಿ ಒಂದು ಭಾಗ. ಉಳಿದಿದ್ದು ನಮ್ಮ ಮನೆಯವರ ಗುಟ್ಟು, ಹೇಳೋಕೆ ಅವರ ಒಪ್ಪಿಗೆ ಇಲ್ಲ.

ನಿಜವಾದ ಶಾಂಪೇನ್, ಅಂದರೆ ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ್ದು, ಬೇಡವಾ ಅಂತ ಕೇಳಬಹುದು. ಭಾವಮೈದ ವಿದೇಶದಿಂದ ಬರುವಾಗ ಒಂದು ತಂದುಕೊಟ್ಟಿದ್ದ. ಆಗ ಇಲ್ಲಿ ಕೊಂಡರೆ ಏಳು ಸಾವಿರದ ಆಸುಪಾಸು ಇತ್ತು. ಅದನ್ನೂ ನಾಸಿಕದ್ದನ್ನೂ ಲೇಬಲ್ ಕಾಣದ ಹಾಗೆ ಟವೆಲ್ ಸುತ್ತಿ ಎಂಟು ಜನರಿಗೆ ಕೊಟ್ಟೆ. ಬರೀ ಕುಡಿದಾಗ ಏಳು ಜನ ಶಾಂಪೇನನ್ನೇ ಆರಿಸಿದರು. ದೋಸೆ ಜೊತೆ ಕೊಟ್ಟಾಗ ಐದು ಜನ ನಾಸಿಕದ್ದೇ ಚೆನ್ನಾಗಿದೆ ಅಂದರು. ಶಾಂಪೇನ್ ಪ್ರಾಂತ್ಯದಲ್ಲಿ ಸಾಮಾನ್ಯ ಬಾಟಲಿಯನ್ನೂ ಕಡಿಮೆ ಅಂದರೆ 15 ತಿಂಗಳು ಇಟ್ಟೇ ಮಾರಬೇಕು. ಹಾಗೆ ಇಟ್ಟಿದ್ದರಿಂದ ಬರೋ ನಾಜೂಕು ರುಚಿ, ಚಟ್ನಿ ಪಲ್ಯದ ಮುಂದೆ ಗೊತ್ತಾಗಲ್ಲ. ಶಾಂಪೇನ್ ಸಿಕ್ಕಿದರೆ ಹುರಿದ ಶೇಂಗಾ, ಒಂಚೂರು ಉಪ್ಪು, ಇಷ್ಟೇ ಇಟ್ಟುಕೊಂಡು ನಿಧಾನವಾಗಿ ಕುಡಿಯಿರಿ. ಮಿರ್ಚಿ ಜೊತೆ ಅದನ್ನು ಸುರಿದರೆ ನನಗೆ ಹೊಟ್ಟೆ ಉರಿಯುತ್ತೆ.

ಪುಸ್ತಕದಲ್ಲಿ 8 ಡಿಗ್ರಿಗೆ ಕೊಡಿ ಅಂತಾರೆ. ನಮ್ಮ ಊರಿನಲ್ಲಿ ಏಪ್ರಿಲ್ ರಾತ್ರಿ ತಾರಸಿ ಮೇಲೆ ಕೂತರೆ ಹತ್ತು ನಿಮಿಷಕ್ಕೇ ಲೋಟ ಬೆಚ್ಚಗಾಗುತ್ತೆ. ನಾನು 5 ಡಿಗ್ರಿಗೆ ಇಳಿಸಿ, ಲೋಟದಲ್ಲಿ ಮೂರು ಬೆರಳಷ್ಟೇ ಹಾಕುತ್ತೇನೆ. ಬಾಟಲಿ ವಾಪಸ್ ಬಕೆಟ್ಟಿಗೆ. ಲೋಟ ಓರೆ ಹಿಡಿದು ಸುರಿದರೆ ಗ್ಯಾಸು ಉಳಿಯುತ್ತೆ. ಫ್ಲೂಟ್ ಅನ್ನೋ ಉದ್ದನೆ ಲೋಟ ಆರು ತಂದಿದ್ದೆ, ನಾಲ್ಕು ಒಡೆದವು. ಈಗ ಸಾದಾ ವೈಟ್ ವೈನ್ ಲೋಟಗಳು, ಪರಿಮಳ ಅದರಲ್ಲೇ ಚೆನ್ನಾಗಿ ಸಿಗೋದು.

ಲೋಟದ ವಿಷಯದಲ್ಲಿ ಒಂದು ಮಾತು. ಒಂದು ಸಲ ಗುಳ್ಳೆಯೇ ಏಳಲಿಲ್ಲ. ಬಾಟಲಿ ಸರಿ ಇಲ್ಲ ಅಂತ ಅಂಗಡಿಯವರ ಜೊತೆ ಜಗಳ ಆಡಿದೆ. ಕಾರಣ ಪಾತ್ರೆ ಸೋಪು. ಸೋಪಿನ ಪದರ ಉಳಿದರೆ ನೊರೆ ಸತ್ತೇ ಹೋಗುತ್ತೆ. ಅಂಗಡಿಗೆ ಹೋಗಿ ಕ್ಷಮೆ ಕೇಳಿ ಬಂದೆ. ಈಗ ಬರೀ ಬಿಸಿನೀರಲ್ಲಿ ತೊಳೆದು, ಹಳೇ ಹತ್ತಿ ಪಂಚೆಯಲ್ಲಿ ಒಂದು ಸಲ ಒರೆಸುತ್ತೇನೆ. ಗುಳ್ಳೆ ಹೆಚ್ಚಾಗಿ ಹುಟ್ಟೋದು ಲೋಟದಲ್ಲಿ ಅಂಟಿಕೊಂಡ ಸಣ್ಣ ಎಳೆಗಳಿಂದಲೇ. ನಮ್ಮಪ್ಪ ಇಲ್ಲಿಯ ಹತ್ತಿ ಮಿಲ್ಲಿನಲ್ಲಿ ದುಡಿದವರು. ಅವರ ಪಂಚೆಯ ತುಂಡೇ ನಾನು ಬಳಸೋದು, ಅದರಲ್ಲಿ ಒರೆಸಿದ ಲೋಟದಲ್ಲಿ ಗುಳ್ಳೆಯ ಸಾಲು ನೋಡೋಕೆ ನನಗೆ ತುಂಬಾ ಖುಷಿ.

ಸುಮ್ನೆ ಮಾಡಿ ನೋಡಿದ್ದೂ ಇವೆ. ಉಳಿದ ವೈನಿನ ಬಾಟಲಿಗೆ ಬೆಳ್ಳಿ ಚಮಚ ಇಳಿಬಿಟ್ಟರೆ ಗ್ಯಾಸು ಹೋಗಲ್ಲ ಅಂತಾರೆ. ಒಂದಕ್ಕೆ ಚಮಚ, ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಬಿಗಿ ಕ್ಲಿಪ್ಪಿನ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಮಾರನೇ ದಿನ ಮೊದಲೆರಡಕ್ಕೂ ವ್ಯತ್ಯಾಸ ಇಲ್ಲ. ಮುಚ್ಚಳ ಹಾಕಿದ್ದು ಎರಡು ದಿನ ಚೆನ್ನಾಗಿತ್ತು. ಮುಚ್ಚಳಕ್ಕೆ ಕೊಟ್ಟಿದ್ದು ಮುನ್ನೂರೋ ಮುನ್ನೂರೈವತ್ತೋ. ಇನ್ನೊಂದು, ಮಣ್ಣಿನ ಮಡಕೆಗೆ ಒದ್ದೆ ಗೋಣಿಚೀಲ ಸುತ್ತಿ ಬಾಟಲಿ ಇಟ್ಟಿದ್ದು. ಬಿಸಿಲುಗಾಲದ ಒಣಗಾಳಿಗೆ 33 ಡಿಗ್ರಿಯಲ್ಲಿದ್ದದ್ದು 23ರ ಹತ್ತಿರ ಇಳಿಯಿತು. ಕುಡಿಯೋಕೆ ಸಾಲದು, ಆದರೆ ಆಮೇಲೆ ಐಸು ಅರ್ಧಕ್ಕರ್ಧ ಉಳಿಯಿತು. ಕರೆಂಟು ಹೋಗುವ ದಿನಗಳಲ್ಲಿ ಈಗಲೂ ಹಾಗೇ ಮಾಡುತ್ತೇನೆ.

ಡಿಸೆಂಬರಿನ ಲೆಕ್ಕ ಹೇಳಿಬಿಡುತ್ತೇನೆ. ಬ್ರೂಟ್ ಮೂರು, ಪ್ರೊಸೆಕ್ಕೊ ಒಂದು, ಮೊಸ್ಕಾಟೊ ಎರಡು, ಎಲ್ಲಾ ಸೇರಿ ಹನ್ನೊಂದು ಸಾವಿರದ ಒಳಗೆ. ತಲೆಗೆ ಎಂಟುನೂರು ಕೂಡ ಬೀಳಲಿಲ್ಲ. ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ, ಅಲ್ಲಿ ಮೊಸ್ಕಾಟೊ ಬರೋದೇ ಕಮ್ಮಿ. ಮೊದಲು ಮಂಡಕ್ಕಿ ಮತ್ತು ಪ್ರೊಸೆಕ್ಕೊ, ನಡುವೆ ದೋಸೆ ಮತ್ತು ಬ್ರೂಟ್, ಕೊನೆಗೆ ಮಿರ್ಚಿ ಮತ್ತು ಮೊಸ್ಕಾಟೊ. ಈ ಸಾಲು ತಪ್ಪಿಸಬೇಡಿ. ಸಿಹಿ ಮೊದಲು ಹೋದರೆ ಆಮೇಲೆ ಬ್ರೂಟ್ ಬರೀ ಹುಳಿ ಅನ್ನಿಸುತ್ತೆ. ದೊಡ್ಡಪ್ಪನವರು ಅವತ್ತು ಮಜ್ಜಿಗೆ ಕೇಳಲಿಲ್ಲ. ಮಿರ್ಚಿ ಮುಗಿದ ಮೇಲೂ ಮೊಸ್ಕಾಟೊ ಲೋಟ ಹಿಡಿದು ಕೂತಿದ್ದರು.