ಚರ್ಚಿನ ಗುಂಪು ಕಟ್ಟಿಕೊಂಡು ಪವಿತ್ರ ನಾಡಿಗೆ ಹೋಗುವುದು ಹೇಗೆ?

ಪವಿತ್ರ ನಾಡು ಎಂದರೆ ಯೇಸು ಹುಟ್ಟಿ ನಡೆದಾಡಿದ ನಾಡು. ಅಲ್ಲಿಗೆ ಹೋಗುವ ಯಾತ್ರೆಯ ಬಗ್ಗೆ ಟ್ರಾವೆಲ್ ಏಜೆನ್ಸಿಯ ಕರಪತ್ರದಲ್ಲಿ ಹತ್ತು ದಿನ, ಮೂರು ದೇಶ, ನಲವತ್ತು ಜಾಗ ಅಂತ ಬರೆದಿರುತ್ತದೆ. ಓದುವಾಗ ಖುಷಿಯಾಗುತ್ತದೆ. ಒಮ್ಮೆ ಪೆನ್ನು ಹಿಡಿದು ಲೆಕ್ಕ ಹಾಕಿ. ವಿಮಾನದಲ್ಲಿ ಕಳೆಯುವ ದಿನಗಳನ್ನು ತೆಗೆಯಿರಿ. ಗಡಿ ದಾಟಲು ಹೋಗುವ ಅರ್ಧರ್ಧ ದಿನವನ್ನೂ ತೆಗೆಯಿರಿ. ಉಳಿಯುವುದು ಏಳು ದಿನ. ದಿನಕ್ಕೆ ಆರು ಜಾಗ. ಬಸ್ ಇಳಿ, ಫೋಟೊ ತೆಗಿ, ಬಸ್ ಹತ್ತು.

ನಮ್ಮ ಚರ್ಚಿನ ಮೊದಲ ಯಾತ್ರೆ ಹೀಗೇ ಆಯಿತು. ಗಲಿಲೇಯ ಸರೋವರದ ದಡದಲ್ಲಿ ತಬ್ಗಾ ಎಂಬ ಜಾಗವಿದೆ. ಅಲ್ಲಿ ಪೇತ್ರನ ಹೆಸರಿನ ಸಣ್ಣ ಕಪ್ಪು ಕಲ್ಲಿನ ಚರ್ಚ್. ಪುನರುತ್ಥಾನದ ನಂತರ ಯೇಸು ಶಿಷ್ಯರಿಗೆ ಕೆಂಡದ ಮೇಲೆ ಮೀನು ಸುಟ್ಟು ಕೊಟ್ಟದ್ದು ಇಲ್ಲೇ ಎಂಬ ನಂಬಿಕೆ. ನಮ್ಮ ಗುಂಪಿನ ಅಜ್ಜಿಯೊಬ್ಬರು ಜೀವಮಾನವಿಡೀ ಕಡಲ ಬದಿಯಲ್ಲೇ ಇದ್ದವರು. ಚಪ್ಪಲಿ ಬಿಟ್ಟು, ಸೀರೆ ಸ್ವಲ್ಪ ಎತ್ತಿ ಹಿಡಿದು, ನೀರಿಗೆ ಒಂದು ಕಾಲು ಚಾಚಿದ್ದರು. ಅಷ್ಟರಲ್ಲಿ ಗೈಡ್ ‘ಟೈಮ್ ಆಯ್ತು’ ಎಂದು ಕೂಗಿದರು. ಅಜ್ಜಿ ಕಾಲು ಹಿಂದೆ ತೆಗೆದು ಚಪ್ಪಲಿ ಮೆಟ್ಟಿಕೊಂಡರು. ಎರಡನೇ ಯಾತ್ರೆಯ ಪಟ್ಟಿ ಮಾಡುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಅದೇ.

ಹಾಗಾಗಿ ಮೊದಲ ಕೆಲಸ, ಪಟ್ಟಿಯಿಂದ ಜಾಗ ತೆಗೆಯುವುದು. ಹಿರಿಯರು ಜಾಸ್ತಿ ಇದ್ದರೆ ಈಜಿಪ್ಟನ್ನು ಬಿಡಿ. ಮೋಶೆ ಹತ್ತು ಆಜ್ಞೆ ಪಡೆದನೆಂಬ ಅಲ್ಲಿನ ಸೀನಾಯಿ ಬೆಟ್ಟ 2,285 ಮೀಟರ್ ಎತ್ತರ. ನಡುರಾತ್ರಿ ಎದ್ದು ಹತ್ತಬೇಕು. ಅದಕ್ಕೂ ಮೊದಲು ಬಸ್ಸಿನಲ್ಲಿ ಮರುಭೂಮಿಯ ಉದ್ದದ ಪ್ರಯಾಣ. ಜೋರ್ಡಾನ್, ಇಸ್ರೇಲ್, ಪ್ಯಾಲೆಸ್ಟೀನ್ ಇಷ್ಟೇ ಇಟ್ಟುಕೊಂಡರೆ ಉಸಿರಾಡಲು ಹೊತ್ತು ಸಿಗುತ್ತದೆ.

ದುಡ್ಡು ಕಟ್ಟುವ ಮುಂಚೆ

2023ರ ಅಕ್ಟೋಬರ್ 7ರಂದು ಇಸ್ರೇಲ್ ಮೇಲೆ ಹಮಾಸ್ ದಾಳಿಯಾಗಿ ಯುದ್ಧ ಶುರುವಾದ ನಂತರ ಎಷ್ಟೋ ಗುಂಪುಗಳ ಯಾತ್ರೆ ರದ್ದಾಯಿತು. ಆದ್ದರಿಂದ ಮುಂಗಡ ಕೊಡುವ ಮೊದಲು ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ನೋಡಿ. ಹೊರಡುವ ವಾರ ಇನ್ನೊಮ್ಮೆ ನೋಡಿ. ಯಾತ್ರೆ ನಿಂತರೆ ಎಷ್ಟು ದುಡ್ಡು ವಾಪಸ್, ಎಷ್ಟು ದಿನದೊಳಗೆ ಎಂಬುದನ್ನು ಏಜೆನ್ಸಿಯಿಂದ ಬರೆಸಿಕೊಳ್ಳಿ. ಬಾಯಿ ಮಾತು ಸಾಲದು. ಪ್ರಯಾಣ ವಿಮೆಯಲ್ಲಿ ಯುದ್ಧದ ನಷ್ಟವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಅದನ್ನು ಓದಿಯೇ ಸಹಿ ಹಾಕಿ.

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು. ಹಳ್ಳಿ ಕಡೆಯ ಹಿರಿಯರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು, ಉಪನಾಮದ ಜಾಗ ಖಾಲಿ ಇರುವುದುಂಟು. ಅದನ್ನು ಏಜೆನ್ಸಿಗೆ ಮೊದಲೇ ಹೇಳಿ, ಕೊನೇ ಗಳಿಗೆಯಲ್ಲಿ ಓಡಾಟ ತಪ್ಪುತ್ತದೆ.

ಯಾವ ತಿಂಗಳು, ಯಾವ ವಾರ

ಮಾರ್ಚ್‌ನಿಂದ ಮೇ, ಇಲ್ಲವೇ ಅಕ್ಟೋಬರ್, ನವೆಂಬರ್ ಒಳ್ಳೆಯದು. ಡಿಸೆಂಬರಿನಲ್ಲಿ ಜೆರುಸಲೇಮಿನ ಚಳಿ ನಮ್ಮ ಕರಾವಳಿಯವರಿಗೆ ಕಷ್ಟ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಸಂಜೆವರೆಗೆ ಯಹೂದಿಗಳ ಸಬ್ಬತ್, ಅಂದರೆ ಕೆಲಸ ಮಾಡದ ವಿಶ್ರಾಂತಿ ದಿನ. ಅಂಗಡಿ ಮುಚ್ಚಿರುತ್ತವೆ. ಅವರು ಪ್ರಾರ್ಥಿಸುವ ಜೆರುಸಲೇಮಿನ ಪಶ್ಚಿಮ ಗೋಡೆಯ ಹತ್ತಿರ ಫೋಟೊ ತೆಗೆಯಬಾರದು. ಅಂದು ಗುಂಡಿ ಒತ್ತುವುದೂ ಸಲ್ಲದೆಂದು ಹೋಟೆಲಿನ ಒಂದು ಲಿಫ್ಟ್ ತಾನಾಗಿಯೇ ಪ್ರತಿ ಮಹಡಿಯಲ್ಲೂ ನಿಲ್ಲುತ್ತದೆ, ಕೆಟ್ಟಿದೆ ಎಂದುಕೊಳ್ಳಬೇಡಿ. ಅನೇಕ ಚರ್ಚುಗಳು ಮಧ್ಯಾಹ್ನ ಎರಡು ತಾಸು ಬಾಗಿಲು ಹಾಕುತ್ತವೆ. ಆ ಹೊತ್ತನ್ನು ಊಟಕ್ಕೆ ಇಡಿ.

ಊರಲ್ಲೇ ಶುರುವಾಗಲಿ

ಹೊರಡುವ ಮೂರು ತಿಂಗಳ ಮುಂಚೆಯೇ ಗುಂಪು ವಾರಕ್ಕೊಮ್ಮೆ ಸೇರಲಿ. ಒಂದು ವಾರ ಒಂದು ಜಾಗ. ಬೆತ್ಲೆಹೇಮಿಗೆ ಲೂಕ 2, ಬೆಟ್ಟದ ಬೋಧನೆಗೆ ಮತ್ತಾಯ 5, ತಬ್ಗಾ ದಡಕ್ಕೆ ಯೋಹಾನ 21. ಓದಿಕೊಂಡು ಹೋದರೆ ಅಲ್ಲಿ ಗೈಡ್ ಹೇಳುವುದು ಅರ್ಧ ಕೇಳದಿದ್ದರೂ ನಷ್ಟವಿಲ್ಲ. ಜೊತೆಗೆ ನಡಿಗೆಯೂ ಬೇಕು. ಹಳೆ ಜೆರುಸಲೇಮಿನ ಶಿಲುಬೆ ಹಾದಿ ಸುಮಾರು 600 ಮೀಟರ್ ಅಷ್ಟೇ. ಆದರೆ ಸಂತೆ ಬೀದಿ, ಮೆಟ್ಟಿಲು, ಸವೆದು ನುಣುಪಾದ ಕಲ್ಲು. ಸೀರೆ ಉಟ್ಟರೂ ಕಾಲಿಗೆ ಶೂ ಇರಲಿ.

ಫಾದರ್ ಜೊತೆಗೆ ಬರುತ್ತಾರೆ ಎಂದಾದರೆ ಬಲಿಪೂಜೆಯ ಜಾಗ, ಹೊತ್ತು ಮೊದಲೇ ಕಾದಿರಿಸಬೇಕು. ಕಥೋಲಿಕರಿಗೆ ಈ ವ್ಯವಸ್ಥೆ ಮಾಡುವುದು ಜೆರುಸಲೇಮಿನ ಜಾಫಾ ಬಾಗಿಲ ಬಳಿ ಇರುವ ಫ್ರಾನ್ಸಿಸ್ಕನ್ನರ ಕ್ರಿಶ್ಚಿಯನ್ ಇನ್ಫರ್ಮೇಶನ್ ಸೆಂಟರ್. ಪ್ರೊಟೆಸ್ಟೆಂಟ್ ಸಭೆಗಳವರು ಹೆಚ್ಚಾಗಿ ಹಳೆ ಪಟ್ಟಣದ ಗೋಡೆಯಾಚೆ ಇರುವ, ಯೇಸುವಿನ ಸಮಾಧಿ ಇದೇ ಎಂದು ಕೆಲವರು ನಂಬುವ ತೋಟದ ಸಮಾಧಿಯಲ್ಲಿ ಪ್ರಭುಭೋಜನ ನಡೆಸುತ್ತಾರೆ. ಮರಗಳ ನೆರಳು, ತಣ್ಣಗಿನ ಜಾಗ.

ದಾರಿ ಹೀಗಿರಲಿ

ಜೋರ್ಡಾನಿನ ನೆಬೋ ಬೆಟ್ಟದಿಂದ ಶುರು ಮಾಡಿ. ಮೋಶೆ ವಾಗ್ದಾನದ ನಾಡನ್ನು ದೂರದಿಂದ ನೋಡಿ, ಒಳಗೆ ಕಾಲಿಡದೆ ತೀರಿಕೊಂಡದ್ದು ಇಲ್ಲಿ. ಆಕಾಶ ತಿಳಿಯಾಗಿದ್ದರೆ ಮೃತ ಸಮುದ್ರ ಕಾಣುತ್ತದೆ. ಹತ್ತಿರದ ಮದಬಾದಲ್ಲಿ 6ನೇ ಶತಮಾನದ ನೆಲದ ಚಿತ್ರವಿದೆ, ಬಣ್ಣದ ಕಲ್ಲಿನ ಚೂರುಗಳಲ್ಲಿ ಮಾಡಿದ ಪವಿತ್ರ ನಾಡಿನ ನಕ್ಷೆ. ಮುಂದೆ ಹೋಗುವ ದಾರಿಯನ್ನು ಅದರ ಮೇಲೇ ಬೆರಳು ತೋರಿಸಿ ಹೇಳಬಹುದು.

ಆಮೇಲೆ ಯೇಸು ದೀಕ್ಷಾಸ್ನಾನ ಪಡೆದ ಯೊರ್ದನ್ ನದಿ. ನೇತ್ರಾವತಿ ನೋಡಿದ ಕಣ್ಣಿಗೆ ಅದು ತೋಡಿನಷ್ಟೇ. ಮಣ್ಣು ಬಣ್ಣದ ನೀರು, ಕೆಲವೇ ಮೀಟರ್ ಅಗಲ. ಈಚೆ ದಡ ಜೋರ್ಡಾನ್, ಆಚೆ ದಡದಲ್ಲಿ ಇಸ್ರೇಲಿ ಸೈನಿಕರು. ಇದನ್ನು ಜನರಿಗೆ ಮೊದಲೇ ಹೇಳಿಟ್ಟಿರಿ, ಸುಮ್ನೆ ನಿರಾಸೆ ಬೇಡ. ನೀರು ಮುಟ್ಟಿ ದೀಕ್ಷಾಸ್ನಾನದ ವಾಗ್ದಾನಗಳನ್ನು ಒಟ್ಟಿಗೆ ಹೇಳಿದಾಗ ನಮ್ಮಲ್ಲಿ ಯಾರಿಗೂ ಅಗಲ ನೆನಪಾಗಲಿಲ್ಲ.

ಬೆತ್ಲೆಹೇಮ್ ಜೆರುಸಲೇಮಿನಿಂದ ಬರೀ 10 ಕಿಲೋಮೀಟರ್ ಆಸುಪಾಸು. ಆದರೆ ಅದು ಪ್ಯಾಲೆಸ್ಟೀನ್ ಆಡಳಿತದಲ್ಲಿದೆ, ನಡುವೆ ತಪಾಸಣೆ ಇದೆ. ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಡಬೇಡಿ. ಸಾಧ್ಯವಾದರೆ ಎರಡು ರಾತ್ರಿ ಅಲ್ಲೇ ಉಳಿಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಆ ಊರು ಬದುಕುವುದೇ ಯಾತ್ರಿಕರಿಂದ. ಆಲಿವ್ ಮರದಲ್ಲಿ ಗೋದಲಿ ಕೆತ್ತುವ ಮನೆಗಳಿಗೆ ಯಾತ್ರೆ ನಿಂತರೆ ಒಲೆ ಹೊತ್ತುವುದೂ ಕಷ್ಟ. ಜಪಮಣಿ, ಶಿಲುಬೆ ಏನು ಕೊಳ್ಳುವುದಿದ್ದರೂ ಇಲ್ಲೇ ಕೊಳ್ಳಿ. ಯೇಸು ಹುಟ್ಟಿದ ಗುಹೆಯ ಮೇಲಿನ ದೇವಾಲಯದ ಬಾಗಿಲು ನಾಲ್ಕು ಅಡಿ ಎತ್ತರ. ಯಾರೇ ಆದರೂ ತಲೆ ಬಗ್ಗಿಸಲೇಬೇಕು. ಒಳಗೆ ಕಡಿದಾದ ಮೆಟ್ಟಿಲಿಳಿದರೆ ಹದಿನಾಲ್ಕು ಮೂಲೆಗಳ ಬೆಳ್ಳಿ ನಕ್ಷತ್ರ. ಸಾಲು ಒಂದು ತಾಸು ದಾಟುವುದೂ ಉಂಟು. ಊರಲ್ಲೇ ಉಳಿದಿದ್ದರೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಬಹುದು, ಅಲ್ವಾ?

ಜೆರುಸಲೇಮಿನ ಪವಿತ್ರ ಸಮಾಧಿ ದೇವಾಲಯಕ್ಕೂ ನಸುಕಿನಲ್ಲೇ ಹೋಗಿ. ಅದರ ಬೀಗದ ಕೈ ಇರುವುದು ಮುಸ್ಲಿಂ ಕುಟುಂಬವೊಂದರ ಬಳಿ, ಬಾಗಿಲು ತೆಗೆಯುವುದು ಇನ್ನೊಂದು ಮುಸ್ಲಿಂ ಕುಟುಂಬ. ತಲೆತಲಾಂತರದಿಂದ ಹೀಗೇ ನಡೆದಿದೆ. ಒಳಗೆ ಕಾಲಿಟ್ಟ ಕೂಡಲೇ ಎದುರಾಗುವುದು ಅಭ್ಯಂಜನದ ಕಲ್ಲು, ಯೇಸುವಿನ ದೇಹಕ್ಕೆ ಸುಗಂಧ ಹಚ್ಚಿದ್ದು ಇಲ್ಲೇ ಎಂಬ ನಂಬಿಕೆ. ಜನ ಬಟ್ಟೆ ಒತ್ತಿ ಅದರ ಪರಿಮಳವನ್ನು ಒರೆಸಿಕೊಳ್ಳುತ್ತಾರೆ. ನಮ್ಮ ಹೆಂಗಸರು ಸೆರಗನ್ನೇ ಒತ್ತಿದರು.

ಹಾಡುವ ಗುಂಪಾದರೆ ಸಿಂಹ ಬಾಗಿಲ ಹತ್ತಿರದ ಸಂತ ಅನ್ನಮ್ಮನವರ ಚರ್ಚ್ ಬಿಡಬೇಡಿ. 12ನೇ ಶತಮಾನದ ಕಲ್ಲಿನ ಕಟ್ಟಡ. ಹಾಡು ನಿಲ್ಲಿಸಿದ ಮೇಲೂ ದನಿ ಮೇಲೆ ಸುತ್ತುತ್ತಿರುತ್ತದೆ. ನಿಧಾನದ ಕೀರ್ತನೆ ಆರಿಸಿ, ವೇಗದ ಹಾಡು ಕಲಸಿಹೋಗುತ್ತದೆ. ಎಣ್ಣೆಮರಗಳ ಗುಡ್ಡದ ಪಾತೆರ್ ನೋಸ್ತೆರ್ ಚರ್ಚಿನ ಗೋಡೆಗಳ ಮೇಲೆ ಪರಲೋಕದ ತಂದೆ ಪ್ರಾರ್ಥನೆ ನೂರಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಭಾರತದ ಭಾಷೆಗಳ ಫಲಕ ಹುಡುಕುವುದನ್ನು ಮಕ್ಕಳಿಗೆ ಬಿಡಿ.

ಗಲಿಲೇಯಕ್ಕೆ ಕೊನೆಯ ಎರಡು ದಿನ ಪೂರ್ತಿ ಕೊಡಿ. ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿರುವ ಸಿಹಿನೀರಿನ ಸರೋವರ. ದೋಣಿಯವರು ನಮ್ಮ ಧ್ವಜ ಏರಿಸಿ ಜನಗಣಮನ ಹಾಕಿದರು. ನಡುನೀರಿನಲ್ಲಿ ಎಂಜಿನ್ ನಿಲ್ಲಿಸಿ ಎಂದು ಕೇಳಿ, ನಿಲ್ಲಿಸುತ್ತಾರೆ. ಊಟಕ್ಕೆ ಸಿಗುವ ‘ಪೇತ್ರನ ಮೀನು’ ನಮ್ಮ ಕೆರೆಗಳ ತಿಲಾಪಿಯಾ ಜಾತಿಯದೇ. ತಬ್ಗಾ ದಡಕ್ಕೆ ಒಂದೂವರೆ ತಾಸು ಬೇಕು ಎಂದು ಗೈಡ್‌ಗೆ ಮೊದಲ ದಿನವೇ ಹೇಳಿಟ್ಟಿರಿ. ಎರಡನೇ ಸಲ ನಾವು ಹಾಗೆ ಮಾಡಿದೆವು. ಯೋಹಾನ 21 ಓದಿ, ಎಲ್ಲರೂ ನೀರಿಗೆ ಕಾಲು ಬಿಟ್ಟು ಕೂತೆವು.

ಮೈಸೂರು, ಬೆಂಗಳೂರು ಕಡೆಯವರಾದರೆ ಇಸ್ರೇಲಿನ ಹೈಫಾ ಪಟ್ಟಣಕ್ಕೂ ಹೋಗಿ. ಅಲ್ಲಿನ ಕಾರ್ಮೆಲ್ ಬೆಟ್ಟ ಎಲೀಯ ಪ್ರವಾದಿಯದು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಆ ಊರನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಭಾರತೀಯ ಸೈನಿಕರ ಸ್ಮಶಾನ ಅಲ್ಲಿದೆ. ಒಂದು ಹೂವಿಟ್ಟು ಬನ್ನಿ.

ಚೀಲದಲ್ಲಿ

ಭುಜ, ಮೊಣಕಾಲು ಮುಚ್ಚುವ ಬಟ್ಟೆ. ಮಾತ್ರೆ, ಜೊತೆಗೆ ವೈದ್ಯರ ಚೀಟಿ. ಅಲ್ಲಿನ ರೊಟ್ಟಿ, ಕಡಲೆ ಅರೆದು ಮಾಡುವ ಹಮ್ಮುಸ್ ಎಲ್ಲರಿಗೂ ಹಿಡಿಸುವುದಿಲ್ಲ, ಒಂದು ಡಬ್ಬಿ ಚಟ್ನಿಪುಡಿ ಇರಲಿ. ಖಾಲಿ ಸಣ್ಣ ಬಾಟಲಿಗಳನ್ನು ಊರಿಂದಲೇ ಒಯ್ಯಿರಿ. ಯೊರ್ದನ್ ನೀರು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ತೆಗೆಸಿಬಿಡುತ್ತಾರೆ.