‘ಯ’ ಅಕ್ಷರದ ನಾಲ್ಕು ತುಂಡು, ನನ್ನ ನಾಲ್ಕನೇ ಅರ್ಜಿ

ಮೊದಲೇ ಹೇಳಿಬಿಡುತ್ತೇನೆ, ನಾನು ಎಂಜಿನಿಯರ್ ಅಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಕೋರ್ಟ್ ಕಾಗದ, ಸೊಸೈಟಿಗಳ ವಾರ್ಷಿಕ ವರದಿ, ಇವೇ ಕೆಲಸ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದೂ ಹೊಟ್ಟೆಪಾಡಿಗೆ. ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲು ತಂದು ‘ಇದನ್ನ ಯೂನಿಕೋಡ್ ಮಾಡಿಕೊಡ್ರಿ’, ಅಂದರೆ ಈಗಿನ ಎಲ್ಲ ಕಂಪ್ಯೂಟರಿಗೂ ತಿಳಿಯುವ ಅಕ್ಷರ ಸಂಕೇತಕ್ಕೆ ಬದಲಿಸಿ, ಅನ್ನುವವರು ಜಾಸ್ತಿಯಾಗಿದ್ದರು. ಮತ್ತೆ ಕೈಯಲ್ಲೇ ಟೈಪ್ ಮಾಡಿದರೆ ಪುಟಕ್ಕೆ 20 ರೂಪಾಯಿ ಬರುತ್ತಿತ್ತು, ಬೆನ್ನು ಹೋಗುತ್ತಿತ್ತು. ಅದಕ್ಕೇ ಫೈಲು ಬದಲಿಸುವ ಕನ್ವರ್ಟರ್ ಒಂದನ್ನು ಬರೆದೆ.

ಈ ಕೆಲಸದ ಬಗ್ಗೆಯೇ ಕಳೆದ ವರ್ಷ ಬೆಂಗಳೂರಿನ ಒಂದು ಟೆಕ್ ಸಮ್ಮೇಳನದಲ್ಲಿ ಮಾತಾಡಿ ಬಂದೆ. ಸಂಬಳವಿಲ್ಲದೆ ಸ್ವಯಂಸೇವಕರೇ ಸೇರಿ ನಡೆಸುವ ಸಮ್ಮೇಳನ. ಹೆಸರು ಹೇಳುವುದಿಲ್ಲ, ಯಾಕಂದ್ರೆ ಅದಕ್ಕೂ ಮೊದಲು ಮೂರು ಸಲ ನನ್ನನ್ನು ಬೇಡ ಅಂದವರೂ ಅವರೇ. ‘ಇಲ್ಲಿಂದ ಅಷ್ಟು ದೂರ ಹೋಗಿ, ಕನ್ನಡ ಫಾಂಟಿನ ಬಗ್ಗೆ, ಅದೂ ನಿನ್ನ ಇಂಗ್ಲಿಷಿನಲ್ಲಿ? ಸುಮ್ನೆ ಅಂಗಡಿ ನೋಡ್ಕೋ’ ಅಂದಿದ್ದ ಗೆಳೆಯರು ಈಗ ಭಾಷಣಕ್ಕೆ ನಾನು ಹಾಕಿದ ಅರ್ಜಿಯ ಕಾಪಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು. ಸಿಎಫ್‌ಪಿ ಅಂದರೆ ಭಾಷಣಗಳಿಗೆ ಅರ್ಜಿ ಕರೆಯುವುದು, ಅಬ್‌ಸ್ಟ್ರಾಕ್ಟ್ ಅಂದರೆ ಭಾಷಣದ ಸಾರಾಂಶ, ಅದಕ್ಕಿಂತ ಬಿಡಿಸಿ ಹೇಳುವುದಿಲ್ಲ. ಅರ್ಜಿ ಹಾಕುವವರಿಗೆ ಉಳಿದದ್ದು ಗೊತ್ತಿರುತ್ತೆ.

ಮೊದಲ ಸಲ ಹಾಕಿದ್ದು ಭಾರತೀಯ ಭಾಷೆಗಳು ಮತ್ತು ಮಷಿನ್ ಲರ್ನಿಂಗ್ ಅಂತ ಏನೋ. ಮಷಿನ್ ಲರ್ನಿಂಗಿನಲ್ಲಿ ನಾನು ಆವರೆಗೆ ಮಾಡಿದ್ದು ಎರಡು ಟ್ಯುಟೋರಿಯಲ್. ಎಲ್ಲರೂ ಅದನ್ನೇ ಹಾಕುತ್ತಾರೆ, ನಾನೂ ಹಾಕೋಣ ಅಂದುಕೊಂಡೆ. ಎರಡು ಸಾಲಿನ ಮೇಲ್ ಬಂತು, ಮುಗಿಯಿತು.

ಎರಡನೇ ಸಲ ವಿಷಯ ಸರಿಯಿತ್ತು, ನುಡಿ ಫೈಲಿನದ್ದೇ. ಆದರೆ ಪರಿಚಯದ ಲೆಕ್ಚರರ್ ಒಬ್ಬರ ಕೈಗೆ ತಿದ್ದಲು ಕೊಟ್ಟೆ. ಪಾಪ, ಒಳ್ಳೇ ಮನಸ್ಸಿನಿಂದಲೇ ತಿದ್ದಿದರು. ಮೊದಲ ಪ್ಯಾರಾದಲ್ಲಿ ಡಿಜಿಟಲ್ ಯುಗ, ಎರಡನೆಯದರಲ್ಲಿ ಭಾಷೆಗಳ ಮಹತ್ವ. ನನ್ನ ಕೆಲಸ ಬರುವ ಹೊತ್ತಿಗೆ ಪದಗಳ ಮಿತಿ ಮುಗಿದಿತ್ತು. ಅದೇ ವರ್ಷ ಭಾಷಣಕಾರರನ್ನು ತಯಾರು ಮಾಡುತ್ತೇವೆ ಎಂಬ ಆನ್‌ಲೈನ್ ಕ್ಲಾಸಿಗೂ 1,500 ರೂಪಾಯಿ ಕಟ್ಟಿದೆ. ಕೈ ಹೇಗೆ ಆಡಿಸಬೇಕು ಅಂತ ಮೂರು ವಾರ ಹೇಳಿಕೊಟ್ಟರು. ಕೈ ಆಡಿಸಲು ವೇದಿಕೆ ಸಿಗಬೇಕಲ್ಲ?

ಮೂರನೇ ಸಲ ಚಾಟ್‌ಬಾಟ್‌ಗೆ ಕೊಟ್ಟೆ. ಓದಲು ಭಾರಿ ನುಣುಪಾಗಿತ್ತು. ಈ ಸಲ ತಿರಸ್ಕಾರದ ಜೊತೆ ಒಂದು ಟಿಪ್ಪಣಿ ಬಂತು: ವಿಷಯ ಚೆನ್ನಾಗಿದೆ, ಆದರೆ ಇದರಲ್ಲಿ ನೀವು ಸ್ವತಃ ಮಾಡಿದ್ದು ಯಾವುದು ಅಂತ ಗೊತ್ತಾಗಲಿಲ್ಲ. ಆ ಸಾಲನ್ನು ಪ್ರಿಂಟ್ ತೆಗೆದು ಲ್ಯಾಮಿನೇಟರ್ ಮೇಲೆ ಅಂಟಿಸಿದೆ. ಇವತ್ತಿಗೂ ಅಲ್ಲೇ ಇದೆ.

ನಮ್ಮೂರ ಮಾರುಕಟ್ಟೆ ನೆಹರೂ ಗಂಜಿನಲ್ಲಿ ತೊಗರಿ ಖರೀದಿ ನೋಡಿದವರಿಗೆ ನಾನು ಹೇಳುವುದು ಬೇಗ ತಿಳಿಯುತ್ತೆ. ವ್ಯಾಪಾರಿ ಇಡೀ ಚೀಲ ಸುರಿದು ನೋಡುವುದಿಲ್ಲ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ರೇಟು ಹೇಳುತ್ತಾನೆ. ಅರ್ಜಿ ಓದುವವರೂ ಹಾಗೇ. ಅವರೂ ನಮ್ಮಂತೆ ಹಗಲು ಬೇರೆ ಕೆಲಸ ಮಾಡಿ, ರಾತ್ರಿ ಊಟವಾದ ಮೇಲೆ ಒಂದರ ಹಿಂದೊಂದು ಓದುವವರು. ಎಷ್ಟೋ ಕಡೆ ಹೆಸರು, ಊರು, ಕಂಪನಿ ಎಲ್ಲ ಮುಚ್ಚಿಟ್ಟು ಓದುತ್ತಾರೆ. ಅಂದರೆ ಕಲಬುರಗಿ ಅನ್ನುವುದು ನನಗೆ ಅಡ್ಡಿ ಆಗಿರಲೇ ಇಲ್ಲ. ನಾನು ಹಿಡಿಯಲ್ಲಿ ಕೊಟ್ಟದ್ದು ಬರೀ ಹೊಟ್ಟು, ಅಷ್ಟೇ.

ನಾಲ್ಕನೇ ಸಲ ಬರೆಯಲೇ ಇಲ್ಲ. ಮಾತಾಡಿದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನ್ ರೆಕಾರ್ಡರ್ ಹಾಕಿ, ಅಂಗಡಿ ಹುಡುಗನನ್ನು ಎದುರಿಗೆ ಕೂಡಿಸಿಕೊಂಡು, ಕನ್ನಡದಲ್ಲೇ ನಡೆದದ್ದನ್ನು ಹೇಳಿದೆ. ಅವನಿಗೆ ಒಂದೇ ಕೆಲಸ: ಅರ್ಥ ಆಗದಿದ್ದರೆ ಕೈ ಎತ್ತುವುದು. ಮೊದಲ ದಿನ ಎಂಟು–ಹತ್ತು ಸಲ ಎತ್ತಿದ. ನಾಲ್ಕನೇ ದಿನ ಎರಡು ಸಲ. ಆಮೇಲೆ ರೆಕಾರ್ಡಿಂಗ್ ಕೇಳುತ್ತಾ, ಹೇಳಿದ್ದನ್ನು ಹೇಳಿದ ಹಾಗೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಇಳಿಸಿದೆ. ‘ಇದೇನ್ರಿ, ಹೈಸ್ಕೂಲ್ ಹುಡುಗರ ಇಂಗ್ಲಿಷ್’ ಅಂದರು ಒಬ್ಬರು. ಇರಲಿ ಅಂದೆ.

ಹೇಳುವಾಗ ಹುಡುಗ ಕಣ್ಣು ಅರಳಿಸಿದ್ದು ಒಂದೇ ಕಡೆ, ಯಾದಗಿರಿಯ ಕಥೆಗೆ. ಅದನ್ನೇ ಎತ್ತಿ ಅರ್ಜಿಯ ಮೊದಲ ಸಾಲಿಗೆ ಹಾಕಿದೆ. ಕಥೆ ಇಷ್ಟು. ಹಳೇ ನುಡಿ ಫೈಲಿನಲ್ಲಿ ಇರುವುದು ಅಕ್ಷರ ಅಲ್ಲ, ಅಕ್ಷರದ ತುಂಡುಗಳು. ‘ಯ’ ಅಲ್ಲಿ ನಾಲ್ಕು ತುಂಡು. ಅದರ ಮೊದಲ ತುಂಡಿಗೂ ನಮ್ಮ ಅನುಸ್ವಾರದ ಸೊನ್ನೆಗೂ ಕೋಡ್ ಒಂದೇ. ಹಾಗಾಗಿ ಒಂದೊಂದೇ ತುಂಡು ಬದಲಿಸುತ್ತಾ ಹೋದರೆ ‘ಯಾದಗಿರಿ’ ಸೊನ್ನೆಯಿಂದ ಶುರುವಾಗುತ್ತೆ, ‘ರಾಯಚೂರು’ ‘ರಾಂ’ ಅಂತ ಎದ್ದು ಮುಂದೆ ಕಸ ಆಗುತ್ತೆ. ಒಂದು ಸಹಕಾರಿ ಸಂಘದ ಸದಸ್ಯರ ಪಟ್ಟಿಯಲ್ಲಿ ಯಾದಗಿರಿಯವರೆಲ್ಲ ಹುಡುಕಾಟಕ್ಕೆ ಸಿಗದೆ ಮಾಯವಾಗಿದ್ದರು. ನಾನು ಮಾಡಿಕೊಟ್ಟ ಪಟ್ಟಿಯೇ. ಸುಮಾರು 300 ಹೆಸರು ಕೈಯಲ್ಲಿ ಸರಿ ಮಾಡಿದೆ, ಬಿಟ್ಟಿಯಾಗಿ.

ಅರ್ಕಾವತ್ತಿನದು ಇನ್ನೊಂದು ರಗಳೆ. ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತೆ. ಯೂನಿಕೋಡಿನಲ್ಲಿ ‘ರ’ ಮೊದಲು ಬರಬೇಕು. ಹಿಂದೆ ಮುಂದೆ ಮಾಡದಿದ್ದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತೆ. ನೀವೂ ಇದನ್ನು ಎಷ್ಟು ಕಡೆ ನೋಡಿಲ್ಲ? ಟೈಪ್ ಮಾಡಿದವರ ತಪ್ಪು ಅಂದುಕೊಂಡಿರುತ್ತೀರಿ. ಬಹಳ ಸಲ ಅದು ಕನ್ವರ್ಟರಿನ ತಪ್ಪು. ನನ್ನ ಕೋಡಿನಲ್ಲಿ ಉದ್ದದ ಜೋಡಣೆ ಮೊದಲು, ಗಿಡ್ಡದ್ದು ಆಮೇಲೆ ಬದಲಾಗುತ್ತೆ. ಅದು ಎಲ್ಲರೂ ಮಾಡುವುದೇ, ಇಂಥ ಕನ್ವರ್ಟರ್‌ಗಳನ್ನು ನನಗಿಂತ ಮೊದಲೇ ಬೇರೆಯವರು ಬರೆದಿದ್ದಾರೆ. ಒಂದೇ ಸಾಲಿನಲ್ಲಿ ಇಂಗ್ಲಿಷೂ ಕನ್ನಡವೂ ಕಲಸಿದ್ದರೆ ಯಾವುದು ಯಾವುದು ಅಂತ ಹೇಗೆ ಬೇರೆ ಮಾಡುತ್ತೇನೆ ಅನ್ನುವುದು ಮಾತ್ರ ನನ್ನದು. ಅದರ ಮೇಲೆ ಅಂಗಡಿ ನಡೆಯುತ್ತೆ, ಇಲ್ಲಿ ಹೇಳುವುದಿಲ್ಲ.

ಅರ್ಜಿಯ ವಿವರಣೆಯಲ್ಲಿ 25 ನಿಮಿಷವನ್ನು ತುಂಡು ಮಾಡಿ ಬರೆದೆ. ಯಾದಗಿರಿಗೆ 4, ಅರ್ಕಾವತ್ತಿಗೆ 5, ಹಾಳಾದ ಫೈಲುಗಳಿಗೆ 7, ಹೀಗೆ. ನನಗೆ ಇನ್ನೂ ಪರಿಹಾರ ಸಿಗದ ಎರಡು ತೊಂದರೆಗಳನ್ನೂ ಬರೆದೆ. ಕನ್ನಡ ಓದಲು ಬಾರದವರಿಗೂ ತಿಳಿಯುವಂತೆ ಅಕ್ಷರವನ್ನು ಚಿತ್ರದ ಹಾಗೆ ತೋರಿಸುತ್ತೇನೆ ಎಂದು ಒಂದು ಸಾಲು ಸೇರಿಸಿದೆ. ಆಯ್ಕೆ ಸಮಿತಿಗೆ ಮಾತ್ರ ಕಾಣುವ ಟಿಪ್ಪಣಿಯ ಜಾಗ ಇರುತ್ತಲ್ಲ, ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ನಾನು ಅಲ್ಲಿ ಬರೆದ ಮೂರು ಸಾಲೇ ಕೆಲಸ ಮಾಡಿದ್ದು ಅಂತ ನನ್ನ ನಂಬಿಕೆ. ಏನು ಬರೆದೆ ಅಂತ ಕೇಳಬೇಡಿ, ಮುಂದಿನ ವರ್ಷವೂ ಬೇಕು.

ಕೊನೇ ದಿನ ಕರೆಂಟ್ ಹೋಯಿತು. ಮೇ ತಿಂಗಳು, ನಮ್ಮೂರ ಬಿಸಿಲು ಗೊತ್ತಲ್ಲ, ಯುಪಿಎಸ್ ಬ್ಯಾಟರಿ ಆ ಸೆಕೆಗೇ ಸತ್ತಿತ್ತು. ರಾತ್ರಿ 12 ದಾಟಿತು, ನಾಲ್ಕನೇ ವರ್ಷವೂ ಹೋಯಿತು ಅಂತ ಮಲಗಿದೆ. ನಿದ್ದೆ ಬರಲಿಲ್ಲ. ಫೋನಿನಲ್ಲಿ ಮತ್ತೆ ನೋಡಿದರೆ ಗಡುವು 23:59, ಪಕ್ಕದಲ್ಲಿ ಯುಟಿಸಿ, ಅಂದರೆ ಅಂತಾರಾಷ್ಟ್ರೀಯ ಸಮಯ! ನಮಗದು ಬೆಳಗಿನ 5:29. ಹಾಸಿಗೆಯಲ್ಲೇ ಕೂತು ಫೋನಿನಿಂದ ಕಳಿಸಿದೆ.

ಕಾಯುವ ಎರಡು ತಿಂಗಳಲ್ಲಿ ಸುಮ್ಮನಿರಲಾಗದೆ ಏನೇನೋ ಮಾಡಿದೆ. ಪೈಥಾನ್ ಬಳಸುವವರ ಸಮ್ಮೇಳನ ಪೈಕಾನ್ ಇಂಡಿಯಾ 2009ರಲ್ಲಿ ಬೆಂಗಳೂರಿನಲ್ಲೇ ಶುರುವಾದದ್ದು, ಅದರ ಎಷ್ಟೋ ಭಾಷಣಗಳು ಯೂಟ್ಯೂಬಿನಲ್ಲಿವೆ. ಸುಮಾರು 40 ಭಾಷಣಗಳ ಮೊದಲ ಮೂರು ನಿಮಿಷ ಮಾತ್ರ ನೋಡಿದೆ. ಅರ್ಧಕ್ಕಿಂತ ಜಾಸ್ತಿ ಜನ ಆ ಮೂರು ನಿಮಿಷವನ್ನೂ ತಮ್ಮ ಪರಿಚಯಕ್ಕೇ ಕಳೆದಿದ್ದರು. ನನ್ನ ಪರಿಚಯದ ಸ್ಲೈಡನ್ನು ಕೊನೆಗೆ ತಳ್ಳಿದೆ.

ಇನ್ನೊಂದು ದಿನ ಒಂದು ಕಾಲೇಜಿನ ಹತ್ತು ವರ್ಷದ ವರದಿಗಳಲ್ಲಿ ‘ರ‍್ಯಾಂಕ್’ ಪದ ಹುಡುಕಿದೆ. ಅರ್ಧದಷ್ಟೇ ಸಿಕ್ಕವು. ‘ರ’ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಿದರೆ ಮಾತ್ರ ‘ರ‍್ಯಾ’, ಇಲ್ಲದಿದ್ದರೆ ‘ರ್ಯಾ’. ಯಾರು ಹೇಗೆ ಟೈಪ್ ಮಾಡಿದ್ದಾರೋ ಹಾಗೆ. ನಾವು ಅದನ್ನೂ ಇದನ್ನೂ ಒಂದೇ ಅಂತ ಓದುತ್ತೇವೆ, ಕಂಪ್ಯೂಟರಿಗೆ ಎರಡೂ ಬೇರೆ. ಇದಕ್ಕೆ ಭಾಷಣದಲ್ಲಿ ಜಾಗ ಇರಲಿಲ್ಲ, ಬೇರೊಂದು ಅರ್ಜಿ ಆಗುತ್ತೆ. ಮುದ್ರಿತ ಪುಟಗಳನ್ನು ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ತಂತ್ರಾಂಶಕ್ಕೆ ಕೊಟ್ಟೂ ನೋಡಿದೆ. ಹೊಸ ಪ್ರಿಂಟಿಗೆ ಪರವಾಗಿಲ್ಲ. ನಮ್ಮ ಹಳೇ ಸೈಕ್ಲೋಸ್ಟೈಲ್ ಹಾಳೆಗಳಲ್ಲಿ ವತ್ತೆಲ್ಲ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಜಾರಿತ್ತು.

ಆಯ್ಕೆಯಾದ ಮೇಲ್ ಬಂದಾಗ ಕುಣಿದೆ, ಮೂರು ಮನೆಗೆ ನಮ್ಮ ಕಡೆಯ ಸಿಹಿ ಮಾಲ್ದಿ ಹಂಚಿದೆ. ಅದರ ಕೆಳಗೆ ‘ಖಚಿತಪಡಿಸಿ’ ಅಂತ ಒಂದು ಕೊಂಡಿ ಇತ್ತು, ನೋಡಲೇ ಇಲ್ಲ. ಅದನ್ನು ಒತ್ತದಿದ್ದರೆ ಜಾಗ ಬೇರೆಯವರ ಪಾಲಾಗುತ್ತೆ. ನೆನಪಿನ ಮೇಲ್ ಸ್ಪ್ಯಾಮಿಗೆ ಹೋಗಿತ್ತು. ಗಡುವಿನ ಹಿಂದಿನ ದಿನ ಯಾವುದೋ ಒಟಿಪಿ ಹುಡುಕುವಾಗ ಕಣ್ಣಿಗೆ ಬಿತ್ತು. ಮಾಲ್ದಿ ತಿಂದವರಿಗೆ ಏನು ಹೇಳುತ್ತಿದ್ದೆನೋ.

ಸ್ಲೈಡಿನ ಬಗ್ಗೆ ಎರಡೇ ಮಾತು. ಕನ್ನಡ ಇದ್ದರೆ ಪಿಡಿಎಫ್ ಮಾಡಿಕೊಂಡೇ ಹೋಗಿ, ಅವರ ಲ್ಯಾಪ್‌ಟಾಪಿನಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ. ಇಂಗ್ಲಿಷಿಗೆ 32 ಪಾಯಿಂಟ್ ಸಾಕು, ಕನ್ನಡದ ವತ್ತು ಹಿಂದಿನ ಸಾಲಿನವರಿಗೆ ಕಾಣಬೇಕಾದರೆ 44 ಬೇಕು. ನಮ್ಮ ಓಣಿಯ ಸಮುದಾಯ ಭವನದಲ್ಲಿ ಪ್ರೊಜೆಕ್ಟರ್ ಹಾಕಿ, ಕೊನೇ ಕುರ್ಚಿಯಲ್ಲಿ ಕೂತು ನೋಡಿಯೇ ಹೇಳುತ್ತಿದ್ದೇನೆ.

ಭಾಷಣ ಚೆನ್ನಾಗಿಯೇ ಆಯಿತು. ‘ಯ’ದ ನಾಲ್ಕು ತುಂಡುಗಳನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು ಹೋಗಿದ್ದೆ. ಕನ್ನಡ ಬಾರದ ಒಬ್ಬ ಹುಡುಗಿಯನ್ನು ಕರೆದು ಜೋಡಿಸಲು ಹೇಳಿದೆ. ಎರಡು ಸಲ ತಪ್ಪಿ ಮೂರನೇ ಸಲ ಕೂಡಿಸಿದಾಗ ಚಪ್ಪಾಳೆ ಬಿತ್ತು. 12ನೇ ನಿಮಿಷದಲ್ಲಿ ಒಂದು ಇಂಗ್ಲಿಷ್ ಪದ ನೆನಪಾಗದೆ ‘ಅದೇ ರೀ’ ಅಂದುಬಿಟ್ಟೆ. ನಕ್ಕರು, ನಾನೂ ನಕ್ಕೆ. ಪ್ರಶ್ನೆಗಳ ಐದು ನಿಮಿಷ ಹೊರಗೆ ಕಾರಿಡಾರಿನಲ್ಲಿ ಮುಕ್ಕಾಲು ಗಂಟೆ ಆಯಿತು. ಹೆಚ್ಚಿನವರು ಅವರವರ ಊರಿನ ಫೈಲುಗಳ ಬಗ್ಗೆ ಕೇಳಿದವರು, ತೆಲುಗಿನವರೂ ಇದ್ದರು.

ಈಗ ಲೆಕ್ಕ, ನೆನಪಿನಿಂದ ಹೇಳುವುದು. ಕಲಬುರಗಿ–ಬೆಂಗಳೂರು ವಂದೇ ಭಾರತ್ ರೈಲು 2024ರಿಂದ ಓಡುತ್ತಿದೆ, ಅದರ ಟಿಕೆಟ್ ದರ ನೋಡಿ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಹತ್ತಿದೆ. ಹೋಗಿ ಬರಲು 800 ಚಿಲ್ಲರೆ. ಮೆಜೆಸ್ಟಿಕ್ ಹತ್ತಿರದ ಲಾಡ್ಜ್ ಎರಡು ರಾತ್ರಿಗೆ 2,200 ಆಗಿರಬೇಕು. ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸುವ ಎಚ್‌ಡಿಎಂಐ ಅಡಾಪ್ಟರ್ 600, ಅಲ್ಲಿ ಹೋಗಿ ನೋಡಿದರೆ ಅವರ ಬಳಿ ಡಬ್ಬಿ ತುಂಬಾ ಇತ್ತು. ರೊಟ್ಟಿ, ಶೇಂಗಾ ಹಿಂಡಿ ಮನೆಯಿಂದಲೇ ಒಯ್ದಿದ್ದರಿಂದ ಊಟದ ಖರ್ಚು ಕಡಿಮೆ. ದೊಡ್ಡ ಹೊಡೆತ ಅಂಗಡಿ ಮೂರು ದಿನ ಮುಚ್ಚಿದ್ದು, ನಾಲ್ಕೂವರೆ ಸಾವಿರ. ಮದುವೆ ಸೀಸನ್ ಆಗಿದ್ದರೆ ಇನ್ನೂ ಜಾಸ್ತಿ. ಭಾಷಣಕಾರರಿಗೆ ಪ್ರವೇಶ ಬಿಟ್ಟಿ, ಪ್ರಯಾಣದ ನೆರವಿಗೆ ಬೇರೆ ಫಾರಂ ತುಂಬಬೇಕು. ತುಂಬಿದೆ, ಬಿಲ್ಲುಗಳನ್ನೆಲ್ಲ ನಾನೇ ನೀಟಾಗಿ ಸ್ಕ್ಯಾನ್ ಮಾಡಿ ಕಳಿಸಿದೆ. 40 ದಿನಕ್ಕೆ ದುಡ್ಡು ಬಂತು, ರೈಲಿನದೂ ಲಾಡ್ಜಿನದೂ ಪೂರ್ತಿ. ಆಟೋದ 380 ಮಾತ್ರ ಬರಲಿಲ್ಲ. ರಸೀದಿ ಕೇಳಿದರೆ ಆಟೋದವನು ನನ್ನ ಮುಖವನ್ನೇ ನೋಡಿದ್ದ.