ಪರ್ಸೆಪ್ಷನ್ ಚೆಕ್: ಆಟಗಾರರ ಕೈಯಿಂದ ದಾಳ ತೆಗೆದುಕೊಂಡ ಮೇಲೆ

ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟದಲ್ಲಿ, ಅಡಗಿರುವುದೇನಾದರೂ ಪಾತ್ರದ ಗಮನಕ್ಕೆ ಬಿತ್ತೇ ಎಂದು ದಾಳದಿಂದ ನೋಡುವುದೇ ಪರ್ಸೆಪ್ಷನ್ ಚೆಕ್. ಅದಕ್ಕಾಗಿ ಆಟಗಾರರು ದಾಳ ಉರುಳಿಸುವುದನ್ನು ನಾನು ಪೂರ್ತಿಯಾಗಿ ನಿಲ್ಲಿಸಿದ ಮೇಲೆ ಎರಡು ದೊಡ್ಡ ಕ್ಯಾಂಪೇನ್‌ಗಳು (ಹಲವು ಕೂಟಗಳಲ್ಲಿ ಸಾಗುವ ಒಂದೇ ಕಥೆ) ಮುಗಿದಿವೆ. ಈ ಮಾತನ್ನು ಮೊದಲು ಎತ್ತಿದಾಗ ಪರಿಚಯದ ಡಿ.ಎಂ.ಗಳು (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು), ಒಂದೇ ತಿಂಗಳಲ್ಲಿ ಆಟಗಾರರು ಎದ್ದು ಹೋಗುತ್ತಾರೆ ಎಂದಿದ್ದರು. ಯಾರೂ ಹೋಗಲಿಲ್ಲ; ಹಾಗೆ ಹೇಳಿದವರಲ್ಲೇ ಇಬ್ಬರು ಈಚೆಗೆ, ದಾಳದ ಬದಲು ನಾನು ಮೇಜಿನಲ್ಲಿ ಬಳಸುವ ಹಾಳೆಯ ನಕಲು ಕೇಳಿ ಪಡೆದಿದ್ದಾರೆ. ನಾನು ಆಡಿಸುವುದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯನ್ನು, ಅದರಲ್ಲೂ 2014ರ ನಿಯಮಗಳನ್ನು.

ಮೊದಲು ಎಲ್ಲರಂತೆಯೇ ಆಡಿಸುತ್ತಿದ್ದೆ. ಒಬ್ಬರು ದಾಳ ಎತ್ತಿದರೆ ಉಳಿದವರೂ "ನಾನೂ ನೋಡ್ತೀನಿ" ಎನ್ನುತ್ತಾರೆ. ದಾಳದ ಅಂಕಿಗೆ ಕೂಡಿಸಲು ಬೋನಸ್ಸೇ ಇಲ್ಲದ ಒಬ್ಬರು ಡಿ20 ಎಂಬ ಇಪ್ಪತ್ತು ಮುಖದ ದಾಳದಲ್ಲಿ ಡಿ.ಸಿ. (ಗೆಲ್ಲಲು ಬೇಕಾದ ಕನಿಷ್ಠ ಅಂಕಿ) 15 ಮುಟ್ಟುವ ಸಾಧ್ಯತೆ ಶೇ. 30, ಅಂಥವರೇ ನಾಲ್ವರು ಉರುಳಿಸಿದರೆ ಒಬ್ಬರಿಗಾದರೂ ಸಿಗುವ ಸಾಧ್ಯತೆ ಶೇ. 76ರ ಹತ್ತಿರಕ್ಕೆ ಏರುತ್ತದೆ. ಮಧ್ಯಮ ಎಂದು ಬರೆದಿಟ್ಟ ಬಲೆ ಮೇಜಿಗೆ ಬರುವಷ್ಟರಲ್ಲಿ ಸುಲಭದ್ದಾಗಿರುತ್ತದೆ. ನಾಲ್ವರೂ ಸೋತರಂತೂ ಇನ್ನೂ ಕಷ್ಟ: ಅಲ್ಲೇನೋ ಇದೆ ಎಂಬುದು ಎಲ್ಲರಿಗೂ ಗೊತ್ತಾಗಿ, ಯಾರೊಬ್ಬರೂ ಆ ಕೋಣೆಯೊಳಗೆ ಕಾಲಿಡುವುದಿಲ್ಲ.

ಆಮೇಲೆ ಪ್ಯಾಸಿವ್ ಪರ್ಸೆಪ್ಷನ್ (ದಾಳವಿಲ್ಲದೆಯೇ ಪಾತ್ರಕ್ಕಿರುವ ಸ್ಥಿರ ಅಂಕಿ) ಒಂದನ್ನೇ ನಂಬಿ ನೋಡಿದೆ. ವಿಸ್ಡಮ್ (ವಿವೇಕದ ಅಂಕಿ) 16 ಇದ್ದು ಪರ್ಸೆಪ್ಷನ್‌ನಲ್ಲಿ ಪ್ರೊಫಿಷಿಯೆನ್ಸಿಯೂ (ಪಳಗಿದ ಕೈ) ಇರುವ ಕ್ಲೆರಿಕ್‌ ಎಂಬ ಪುರೋಹಿತ ಪಾತ್ರಕ್ಕೆ ಮೊದಲ ಲೆವೆಲ್‌ನಲ್ಲೇ ಅದು 15. ಅಬ್ಸರ್ವೆಂಟ್ ಎಂಬ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಸೇರಿದರೆ 20. ಎಲ್ಲರ ಅಂಕಿಯೂ ನನಗೆ ಮೊದಲೇ ಗೊತ್ತಿರುವುದರಿಂದ, ಡಿ.ಸಿ. ಬರೆಯುವಾಗಲೇ ಯಾರಿಗೆ ಕಾಣಬೇಕೆಂದು ತೀರ್ಮಾನಿಸಿದಂತಾಗುತ್ತಿತ್ತು. ಇನ್ನು ಪರದೆಯ ಹಿಂದೆ ನಾನೇ ಗುಟ್ಟಾಗಿ ಉರುಳಿಸಿದರೆ ದಾಳದ ಸದ್ದಿಗೇ ಎಲ್ಲರ ಕಿವಿ ನೆಟ್ಟಗಾಗುತ್ತಿತ್ತು. ಸದ್ದಡಗಿಸಲು ಮೆತ್ತೆ ಹಾಕಿದ ಡೈಸ್ ಟ್ರೇ ಕೊಂಡೆ, ಹಿನ್ನೆಲೆ ಸಂಗೀತಕ್ಕೆಂದು ಸ್ಪೀಕರ್ ಕೊಂಡೆ, ಒಂದು ಮ್ಯಾಪ್ ಆ್ಯಪಿಗೆ ವರ್ಷದ ಚಂದಾ ಕಟ್ಟಿದೆ. ಆ ದುಡ್ಡಿಗೆ ಎರಡು ನಿಯಮ ಪುಸ್ತಕಗಳು ಬರುತ್ತಿದ್ದವು. ಸ್ಪೀಕರ್ ಮಾತ್ರ ಮನೆಯಲ್ಲಿ ಬೇರೆ ಕೆಲಸಕ್ಕೆ ಬಂದಿದೆ.

ಕೊನೆಗೆ ಗೆದ್ದ ವಿಧಾನಕ್ಕೆ ಬೇಕಾದದ್ದು ಒಂದು ಹಾಳೆ ಮತ್ತು ಪೆನ್ಸಿಲ್. ಆಟದ ದಿನ ಬೆಳಿಗ್ಗೆಯೇ ಡಿ20ಯನ್ನು ಸುಮಾರು ನಲವತ್ತು ಸಲ ಉರುಳಿಸಿ ಸಾಲಾಗಿ ಬರೆದುಕೊಳ್ಳುತ್ತೇನೆ. ಪಕ್ಕದಲ್ಲಿ ಪಾತ್ರಗಳ ಬೋನಸ್ ಇರುತ್ತದೆ. ಬೇಕಾದಾಗ ಒಂದೊಂದೇ ಅಂಕಿ ಹೊಡೆದುಹಾಕುತ್ತಾ ಹೋಗುತ್ತೇನೆ, ಕಥೆ ಹೇಳುತ್ತಿದ್ದ ಬಾಯಿ ನಿಲ್ಲುವುದಿಲ್ಲ. ಆ ಸಾಲನ್ನು ಯಾವ ಕ್ರಮದಲ್ಲಿ ಓದುತ್ತೇನೆಂಬುದನ್ನು ಇಲ್ಲಿ ಬರೆಯಲಾರೆ, ಏಕೆಂದರೆ ನನ್ನ ಆಟಗಾರರೂ ಇದನ್ನು ಓದುತ್ತಾರೆ.

ಆದರೆ ಹಾಳೆಗಿಂತ ಮುಖ್ಯವಾದದ್ದು, ಆ ಅಂಕಿಯಿಂದ ಏನನ್ನು ನಿರ್ಧರಿಸುತ್ತೇವೆ ಎಂಬುದು. ಕಂಡಿತೋ ಇಲ್ಲವೋ ಎಂಬುದನ್ನು ನಾನು ದಾಳಕ್ಕೆ ಬಿಡುವುದಿಲ್ಲ. ಎಷ್ಟು ಬೇಗ ಕಂಡಿತು ಎಂಬುದನ್ನಷ್ಟೇ ಬಿಡುತ್ತೇನೆ. ಹೊಂಚುದಾಳಿಯಲ್ಲಿ ಶತ್ರುವಿನ ಸ್ಟೆಲ್ತ್‌ಗಿಂತ (ಅಡಗುವಿಕೆಯ ಅಂಕಿ) ಐದು ಹೆಚ್ಚು ಬಂದರೆ ಸಜ್ಜಾಗಲು ಪೂರ್ತಿ ಒಂದು ರೌಂಡ್ ಸಿಗುತ್ತದೆ. ಸಮ ಬಂದರೆ ಬೆಚ್ಚಿಬೀಳುವುದೊಂದು ತಪ್ಪುತ್ತದೆ. ಬಲೆಯ ವಿಷಯದಲ್ಲಿ ಅಂಕಿ ಕಡಿಮೆ ಬಂದರೆ ನಾನು ಹೇಳುವುದು ಇಷ್ಟೇ: "ನಿನ್ನ ಎಡಗಾಲಿನ ಕೆಳಗಿನ ಕಲ್ಲು ಒಂದು ಬೆರಳಿನಷ್ಟು ಕುಸೀತು, ಗೋಡೆಯೊಳಗೆ ಸರಪಳಿ ಎಳೆದ ಸದ್ದು. ಏನ್ ಮಾಡ್ತೀಯಾ?" ಕಾಲು ಎತ್ತಬೇಕೇ, ಹಾಗೆಯೇ ಒತ್ತಿ ಹಿಡಿಯಬೇಕೇ ಎಂದು ಇಡೀ ಮೇಜು ಚರ್ಚೆಗೆ ಬೀಳುತ್ತದೆ. ಸೋತ ಚೆಕ್‌ನಿಂದ ಇಷ್ಟು ಆಟ ಹುಟ್ಟುವುದನ್ನು ನಾನು ಬೇರೆ ಯಾವ ಪದ್ಧತಿಯಲ್ಲೂ ಕಂಡಿಲ್ಲ.

ಕಥೆ ಮುಂದೆ ಹೋಗಲು ಬೇಕೇ ಬೇಕಾದ ಸುಳಿವಿಗಂತೂ ದಾಳವೇ ಇಲ್ಲ. ರಾಬಿನ್ ಡಿ. ಲಾಸ್ ಅವರ ಗಮ್‌ಶೂ ಎಂಬ ಪತ್ತೇದಾರಿ ಆಟಗಳ ಪದ್ಧತಿ ಮಾಡುವುದು ಇದನ್ನೇ. ಪುಸ್ತಕದ ಕಪಾಟಿನ ಮುಂದೆ ನೆಲದ ಧೂಳಿನಲ್ಲಿ ಅರ್ಧಚಂದ್ರಾಕಾರದ ಗೀರು ಇದ್ದರೆ ಅದನ್ನು ಬಾಗಿಲಲ್ಲೇ ಹೇಳಿಬಿಡುತ್ತೇನೆ. ಅದರ ಅರ್ಥ ಹೊಳೆದು ಕಪಾಟನ್ನು ಎಳೆಯುವುದು ಆಟಗಾರರಿಗೆ ಬಿಟ್ಟದ್ದು. ಎಳೆದವರಿಗೆ ಬಾಗಿಲು ಖಂಡಿತ ಸಿಗುತ್ತದೆ.

ಹೆಚ್ಚಿನ ಮೇಜುಗಳಲ್ಲಿ ಮರೆತುಹೋಗುವ ಒಂದು ನಿಯಮವೂ ಹಾಳೆಯ ತಲೆಯ ಮೇಲಿದೆ. ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ) ಇದ್ದವರಿಗೂ ಕಗ್ಗತ್ತಲು ಮಂದ ಬೆಳಕಿನಂತೆಯೇ, ಮತ್ತು ಮಂದ ಬೆಳಕಿನಲ್ಲಿ ಕಣ್ಣಿನಿಂದ ಮಾಡುವ ಪರ್ಸೆಪ್ಷನ್‌ಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಕಡಿಮೆ ಅಂಕಿಯನ್ನು ಹಿಡಿಯುವುದು). ಪ್ಯಾಸಿವ್ ಅಂಕಿಯಲ್ಲಿ ಐದು ಕಳೆಯಬೇಕು. ಹದಿನೇಳು ಇದ್ದದ್ದು ಹನ್ನೆರಡಾಗುತ್ತದೆ. ಇದನ್ನು ಜಾರಿಗೆ ತಂದ ಮೇಲೆ ಪಂಜು ಹೊತ್ತಿಸುವುದೇ ಬೇಡ ಎನ್ನುತ್ತಿದ್ದ ಎಲ್ಫ್‌ಗಳು ಎಣ್ಣೆಯ ಲೆಕ್ಕ ಇಡತೊಡಗಿದರು.

ನಡುವೆ, 2000ದ ಮೂರನೇ ಆವೃತ್ತಿಯಲ್ಲಿದ್ದಂತೆ ಪರ್ಸೆಪ್ಷನ್ ಅನ್ನು ಸ್ಪಾಟ್ (ನೋಡುವುದು), ಲಿಸನ್ (ಕೇಳುವುದು), ಸರ್ಚ್ (ಹುಡುಕುವುದು) ಎಂದು ಮೂರಾಗಿ ಒಡೆದೂ ನೋಡಿದೆ. ಬೋನಸ್ ಹಂಚುವ ತಕರಾರು ಬೆಳೆಯಿತೇ ಹೊರತು ಬೇರೇನೂ ಆಗಲಿಲ್ಲ, ಕೈಬಿಟ್ಟೆ. ವಾಸನೆಯನ್ನು ಮಾತ್ರ ಬೇರೆಯಾಗಿ ಉಳಿಸಿಕೊಂಡಿದ್ದೇನೆ: ಪ್ರತಿ ಕೋಣೆಗೂ ಒಂದು ವಾಸನೆ, ದಾಳವಿಲ್ಲದೆ.

ಗಂಭೀರವಾದ ಆಕ್ಷೇಪ ಬಂದದ್ದು ಒಂದೇ, ಅದೂ ಅಬ್ಸರ್ವೆಂಟ್ ಫೀಟ್ ಕೊಂಡಿದ್ದ ಆಟಗಾರ್ತಿಯಿಂದ: ಹೇಗಿದ್ದರೂ ಕಂಡೇ ಕಾಣುವುದಾದರೆ ತಾನು ಫೀಟ್‌ಗೆ ತೆತ್ತದ್ದು ವ್ಯರ್ಥವಲ್ಲವೇ ಎಂದು. ಪ್ರಶ್ನೆ ನ್ಯಾಯವಾದದ್ದೇ. ಅಂದಿನಿಂದ ಪ್ರತಿ ಹೊಸ ಜಾಗದಲ್ಲೂ ಆಕೆಯ ಪಾತ್ರಕ್ಕೆ ಮಾತ್ರ ಕಾಣುವ ಒಂದು ವಿವರವನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ; ಉಳಿದವರಿಗೆ ಹೇಳುವುದೂ ಬಿಡುವುದೂ ಆಕೆಯ ಇಷ್ಟ. ಈಗ ಅಂಥ ಚೀಟಿ ತಮಗೂ ಬೇಕೆಂದು ಇನ್ನಿಬ್ಬರು ಅದೇ ಫೀಟ್ ತೆಗೆದುಕೊಂಡಿದ್ದಾರೆ, ಹಾಗಾಗಿ ನನ್ನ ಬೆಳಗಿನ ಕೆಲಸ ಅರ್ಧ ಗಂಟೆ ಹೆಚ್ಚಾಗಿದೆ.